ಜಿಆರ್‌ಇ: ಓದಲು ಕೂರುವ ಮುನ್ನ ಪರೀಕ್ಷೆಯನ್ನು ಅರ್ಥ ಮಾಡಿಕೊಳ್ಳುವ ಕ್ರಮ

ಜಿಆರ್‌ಇ ಎಂದೇ ಎಲ್ಲರಿಗೂ ಪರಿಚಿತವಾಗಿರುವ ಗ್ರಾಜುಯೇಟ್ ರೆಕಾರ್ಡ್ ಎಕ್ಸಾಮಿನೇಷನ್, ಸ್ನಾತಕೋತ್ತರ ಮತ್ತು ಪಿಎಚ್‌ಡಿ ಪ್ರವೇಶಕ್ಕೆ ಅರ್ಜಿ ಹಾಕುವವರು ಬರೆಯುವ ಪರೀಕ್ಷೆ. 1936ರಲ್ಲಿ ಅಮೆರಿಕದ ಕಾರ್ನೆಗಿ ಪ್ರತಿಷ್ಠಾನವು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳ ಜೊತೆಗೂಡಿ ಇದನ್ನು ಪ್ರಯೋಗವಾಗಿ ಆರಂಭಿಸಿತು. 1948ರಿಂದ ಇದರ ಹೊಣೆ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಎಂಬ ಅಮೆರಿಕದ ಇಟಿಎಸ್ ಸಂಸ್ಥೆಯದು. ಬೇರೆ ಬೇರೆ ಕಾಲೇಜುಗಳಲ್ಲಿ, ಬೇರೆ ಬೇರೆ ರೀತಿಯ ಮೌಲ್ಯಮಾಪನದಲ್ಲಿ ಅಂಕ ಪಡೆದು ಬಂದವರನ್ನು ಒಂದೇ ಅಳತೆಗೋಲಿನ ಮೇಲೆ ನೋಡುವುದು ಅದರ ಉದ್ದೇಶ. ಈ ಪರೀಕ್ಷೆ ಅಳೆಯುವುದು ನಿಮ್ಮ ವಿಷಯಜ್ಞಾನವನ್ನಲ್ಲ. ಪ್ರೌಢಶಾಲೆಯ ಗಣಿತ ಮತ್ತು ಶೈಕ್ಷಣಿಕ ಇಂಗ್ಲಿಷ್ ಎಂಬ ಎರಡು ಸಾಧನಗಳನ್ನು ಸಮಯದ ಒತ್ತಡದಲ್ಲಿ ನೀವು ಎಷ್ಟು ಜಾಗರೂಕತೆಯಿಂದ ಬಳಸುತ್ತೀರಿ ಎಂಬುದನ್ನು. ಆದ್ದರಿಂದ ಸಾವಿರಾರು ಪದಗಳ ಪಟ್ಟಿಯನ್ನು ಉರುಹೊಡೆಯುವುದರಿಂದ ತಯಾರಿಯನ್ನು ಆರಂಭಿಸುವವರು, ಪರೀಕ್ಷೆಯ ನಿಯಮಗಳನ್ನು ಮೊದಲು ಅರಿತು ಆಮೇಲೆ ಪುಸ್ತಕ ತೆರೆಯುವವರಿಗಿಂತ ಹೆಚ್ಚು ದುಡಿದು ಕಡಿಮೆ ಫಲ ಪಡೆಯುತ್ತಾರೆ ಎಂಬುದು ನನ್ನ ಅಭಿಪ್ರಾಯ.

ಮೊದಲು, ಪರೀಕ್ಷೆ ನಿಮಗೆ ಬೇಕೇ ಎಂದು ನೋಡಿ

ಹಿಂದೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಈಗ ಅನೇಕ ವಿಭಾಗಗಳು ಜಿಆರ್‌ಇ ಸ್ಕೋರನ್ನು ಐಚ್ಛಿಕಗೊಳಿಸಿವೆ, ಕೆಲವು ಅದನ್ನು ನೋಡುವುದನ್ನೇ ಬಿಟ್ಟಿವೆ. ನಿರ್ಧಾರ ಸಾಮಾನ್ಯವಾಗಿ ವಿಭಾಗದ್ದಾಗಿರುವುದರಿಂದ ಒಂದೇ ವಿಶ್ವವಿದ್ಯಾಲಯದ ಎರಡು ವಿಭಾಗಗಳಲ್ಲಿ ಎರಡು ನಿಯಮ ಇರಬಹುದು. ವಿಶ್ವವಿದ್ಯಾಲಯದ ಮುಖಪುಟವನ್ನು ನಂಬದೆ, ನೀವು ಸೇರಬಯಸುವ ಕೋರ್ಸಿನ ಪ್ರವೇಶ ಪುಟವನ್ನೇ ತೆರೆದು ಓದಬೇಕು. ಒಂದು ಹಾಳೆಯಲ್ಲಿ ಕೋರ್ಸಿನ ಹೆಸರು, ಅರ್ಜಿಯ ಕೊನೆಯ ದಿನಾಂಕ, ಸ್ಕೋರು ಕಡ್ಡಾಯವೋ ಐಚ್ಛಿಕವೋ ಬೇಡವೋ, ಹಿಂದೆ ಪ್ರವೇಶ ಪಡೆದವರ ಸ್ಕೋರಿನ ವ್ಯಾಪ್ತಿಯನ್ನು ಪ್ರಕಟಿಸಿದ್ದರೆ ಅದು, ಇಷ್ಟನ್ನು ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ತೀರ್ಮಾನಗಳಿಗೂ ಈ ಹಾಳೆಯೇ ಆಧಾರ.

‘ಐಚ್ಛಿಕ’ ಎಂದಿರುವ ಕಡೆ ಏನು ಮಾಡಬೇಕು ಎಂಬುದು ನಿಜವಾದ ಗೊಂದಲ. ನಿಮ್ಮ ಅರ್ಜಿಯಲ್ಲಿ ಕಾಣುವ ಯಾವುದಾದರೂ ಕೊರತೆಯನ್ನು ಸ್ಕೋರು ತುಂಬುವುದಾದರೆ, ಉದಾಹರಣೆಗೆ ಸಾಹಿತ್ಯದ ಪದವಿ ಪಡೆದು ಅರ್ಥಶಾಸ್ತ್ರಕ್ಕೆ ಹೋಗುವವರು ಗಣಿತದ ಸಾಮರ್ಥ್ಯಕ್ಕೆ ಸಾಕ್ಷ್ಯ ಕೊಡಬೇಕಾದರೆ, ಪರೀಕ್ಷೆ ಬರೆಯುವುದು ಸಾರ್ಥಕ. ಅಂಥ ಕೊರತೆ ಇಲ್ಲದವರು ಅದೇ ತಿಂಗಳುಗಳನ್ನು ಉದ್ದೇಶ ಪತ್ರಕ್ಕೋ ಸಂಶೋಧನಾ ಪ್ರಬಂಧಕ್ಕೋ ಕೊಟ್ಟರೆ ಹೆಚ್ಚು ಪ್ರಯೋಜನ. ಪ್ರವೇಶವನ್ನು ಸ್ಕೋರು ಒಂದರ ಮೇಲೆಯೇ ನಿರ್ಧರಿಸಬಾರದು ಎಂದು ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯೇ ವಿಶ್ವವಿದ್ಯಾಲಯಗಳಿಗೆ ಸೂಚಿಸುತ್ತದೆ.

ಇಲ್ಲಿ ಹೇಳುತ್ತಿರುವುದು ಜಿಆರ್‌ಇ ಸಾಮಾನ್ಯ ಪರೀಕ್ಷೆಯ ಬಗ್ಗೆ. ಗಣಿತ, ಭೌತಶಾಸ್ತ್ರ ಮತ್ತು ಮನಶ್ಶಾಸ್ತ್ರಗಳಿಗೆ ಪ್ರತ್ಯೇಕ ವಿಷಯ ಪರೀಕ್ಷೆಗಳಿವೆ. ವಿಭಾಗವು ಹೆಸರಿಸಿ ಕೇಳಿದ್ದರೆ ಮಾತ್ರ ಅವುಗಳ ಕಡೆ ನೋಡಿದರೆ ಸಾಕು. ಎಂಬಿಎ ಕೋರ್ಸುಗಳಲ್ಲಿ ಬಹಳಷ್ಟು ಕಡೆ ಜಿಮ್ಯಾಟ್ ಎಂಬ ಮ್ಯಾನೇಜ್‌ಮೆಂಟ್ ಪ್ರವೇಶ ಪರೀಕ್ಷೆ ಅಥವಾ ಜಿಆರ್‌ಇ ಎರಡರಲ್ಲಿ ಒಂದು ನಡೆಯುತ್ತದೆ.

ಪರೀಕ್ಷೆಯ ರಚನೆ ಮತ್ತು ಸಮಯ

2023ರ ಸೆಪ್ಟೆಂಬರ್ 22ರಿಂದ ಪರೀಕ್ಷೆಯನ್ನು ಮೊಟಕುಗೊಳಿಸಲಾಗಿದ್ದು, ಹಿಂದೆ ಮೂರು ಮುಕ್ಕಾಲು ಗಂಟೆ ಹಿಡಿಯುತ್ತಿದ್ದದ್ದು ಈಗ 1 ಗಂಟೆ 58 ನಿಮಿಷಕ್ಕೆ ಇಳಿದಿದೆ. ಹಳೆಯ ತಯಾರಿ ಪುಸ್ತಕಗಳಲ್ಲಿ ಕಾಣುವ ಎರಡನೆಯ ಪ್ರಬಂಧ, ಅಂಕಕ್ಕೆ ಸೇರದ ಪ್ರಾಯೋಗಿಕ ಸೆಕ್ಷನ್ ಮತ್ತು ನಡುವಿನ ವಿರಾಮ ಈಗ ಇಲ್ಲ. ಪುಸ್ತಕ ಕೊಳ್ಳುವಾಗಲೂ ಎರವಲು ಪಡೆಯುವಾಗಲೂ ಅದು ಯಾವ ವರ್ಷದ್ದೆಂದು ನೋಡಬೇಕಾದದ್ದು ಇದೇ ಕಾರಣಕ್ಕೆ, ಆದರೆ ಪ್ರಶ್ನೆಗಳ ಬಗೆಗಳು ಬದಲಾಗಿಲ್ಲವಾದ್ದರಿಂದ ಹಳೆಯ ಅಭ್ಯಾಸ ಪ್ರಶ್ನೆಗಳು ಇಂದಿಗೂ ಉಪಯುಕ್ತವೇ.

ಆರಂಭದಲ್ಲಿ ಯಾವಾಗಲೂ ವಿಶ್ಲೇಷಣಾತ್ಮಕ ಬರವಣಿಗೆ ಬರುತ್ತದೆ: ಒಂದು ಪ್ರಬಂಧ, 30 ನಿಮಿಷ. ಅನಂತರ ವರ್ಬಲ್ ಎನ್ನುವ ಭಾಷಾ ವಿಭಾಗದ ಎರಡು ಸೆಕ್ಷನ್‌ಗಳು ಮತ್ತು ಕ್ವಾಂಟ್ ಎನ್ನುವ ಗಣಿತ ವಿಭಾಗದ ಎರಡು ಸೆಕ್ಷನ್‌ಗಳು ಯಾವ ಅನುಕ್ರಮದಲ್ಲಾದರೂ ಬರಬಹುದು. ವರ್ಬಲ್‌ನ ಮೊದಲ ಸೆಕ್ಷನ್‌ನಲ್ಲಿ 12 ಪ್ರಶ್ನೆಗಳಿಗೆ 18 ನಿಮಿಷ, ಎರಡನೆಯದರಲ್ಲಿ 15 ಪ್ರಶ್ನೆಗಳಿಗೆ 23 ನಿಮಿಷ. ಕ್ವಾಂಟ್‌ನಲ್ಲಿ ಕ್ರಮವಾಗಿ 12 ಪ್ರಶ್ನೆಗಳಿಗೆ 21 ನಿಮಿಷ ಮತ್ತು 15 ಪ್ರಶ್ನೆಗಳಿಗೆ 26 ನಿಮಿಷ. ಅಂದರೆ ಭಾಷೆಯ ಒಂದು ಪ್ರಶ್ನೆಗೆ ಸುಮಾರು ಒಂದೂವರೆ ನಿಮಿಷ, ಗಣಿತದ ಒಂದಕ್ಕೆ ಸುಮಾರು ಒಂದೂಮುಕ್ಕಾಲು ನಿಮಿಷ ಸಿಗುತ್ತದೆ.

ಅಂಕಗಳು ಹುಟ್ಟುವ ಬಗೆ

ಇಡೀ ಪರೀಕ್ಷೆಯಲ್ಲಿ ಅತಿ ಹೆಚ್ಚು ತಪ್ಪಾಗಿ ಗ್ರಹಿಸಲ್ಪಟ್ಟ ಭಾಗ ಇದು, ಹೀಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ. ವರ್ಬಲ್ ಮತ್ತು ಕ್ವಾಂಟ್ ತಲಾ 130ರಿಂದ 170ರ ಅಳತೆಯಲ್ಲಿ, ಒಂದೊಂದು ಅಂಕದ ಅಂತರದಲ್ಲಿ ವರದಿಯಾಗುತ್ತವೆ; ಬರವಣಿಗೆಗೆ 0ಯಿಂದ 6ರವರೆಗೆ, ಅರ್ಧ ಅಂಕದ ಅಂತರದಲ್ಲಿ. ಒಂದು ಸೆಕ್ಷನ್‌ನೊಳಗಿನ ಪ್ರತಿ ಪ್ರಶ್ನೆಯ ತೂಕವೂ ಸಮ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಈ ಎರಡು ನಿಯಮಗಳನ್ನು ಓದಿದವರು ಬಹಳ, ಅವುಗಳಂತೆ ನಡೆದುಕೊಳ್ಳುವವರು ಕಡಿಮೆ. ಒಂದು ಕಠಿಣ ಪ್ರಶ್ನೆಯ ಮೇಲೆ ಐದು ನಿಮಿಷ ಕಳೆದು ಅದನ್ನು ಬಿಡಿಸಿದವರಿಗೆ ಗೆದ್ದ ಭಾವನೆ ಬರುತ್ತದೆ. ಆದರೆ ಆ ಐದು ನಿಮಿಷದಲ್ಲಿ ಕೊನೆಯ ಎರಡು ಸುಲಭ ಪ್ರಶ್ನೆಗಳು ಕೈಬಿಟ್ಟುಹೋಗಿದ್ದರೆ ಲೆಕ್ಕದಲ್ಲಿ ಅದು ನಷ್ಟವೇ. ಸೆಕ್ಷನ್‌ನ ಒಳಗೆ ಹಿಂದೆ ಮುಂದೆ ಹೋಗಲು, ಪ್ರಶ್ನೆಗೆ ಗುರುತು ಹಾಕಿ ಬಿಟ್ಟು ಮತ್ತೆ ಬರಲು, ಉತ್ತರ ಬದಲಿಸಲು ಅವಕಾಶವಿದೆ. ಆದ್ದರಿಂದ ಮೊದಲ ಸುತ್ತಿನಲ್ಲಿ ನೇರವಾಗಿ ಒದಗುವ ಪ್ರಶ್ನೆಗಳನ್ನು ಮುಗಿಸಿ, ಅರ್ಧ ನಿಮಿಷ ನೋಡಿದರೂ ದಾರಿ ಕಾಣದವನ್ನು ಗುರುತು ಹಾಕಿ ಮುಂದೆ ಸಾಗಿ, ಎರಡನೆಯ ಸುತ್ತಿನಲ್ಲಿ ಅವುಗಳಿಗೆ ಮರಳಿ, ಕೊನೆಯ ಅರ್ಧ ನಿಮಿಷದಲ್ಲಿ ಉಳಿದವೆಲ್ಲಕ್ಕೂ ಯಾವುದಾದರೊಂದು ಉತ್ತರ ಒತ್ತಬೇಕು. ಖಾಲಿ ಬಿಟ್ಟ ಪ್ರಶ್ನೆಗೆ ಯಾವ ಸಮರ್ಥನೆಯೂ ಇಲ್ಲ.

ಇನ್ನು ಈ ಪರೀಕ್ಷೆ ಹೊಂದಿಕೊಳ್ಳುವ ಬಗೆ. ಪ್ರತಿ ಉತ್ತರದ ನಂತರ ಮುಂದಿನ ಪ್ರಶ್ನೆ ಬದಲಾಗುತ್ತದೆ ಎಂದು ಹಲವರು ಭಾವಿಸಿ, ಪ್ರಶ್ನೆ ಸುಲಭವೆನಿಸಿದೊಡನೆ ಹಿಂದಿನದು ತಪ್ಪಾಯಿತೇನೋ ಎಂದು ಕಂಗಾಲಾಗುತ್ತಾರೆ. ಹಾಗಿಲ್ಲ. ಬದಲಾಗುವುದು ಸೆಕ್ಷನ್ ಮಾತ್ರ: ವರ್ಬಲ್‌ನ ಮೊದಲ ಸೆಕ್ಷನ್‌ನಲ್ಲಿ ನೀವು ಒಟ್ಟಾರೆ ಹೇಗೆ ಮಾಡಿದಿರಿ ಎಂಬುದರ ಮೇಲೆ ವರ್ಬಲ್‌ನ ಎರಡನೆಯ ಸೆಕ್ಷನ್‌ನ ಕಠಿಣತೆ ನಿರ್ಧಾರವಾಗುತ್ತದೆ, ಕ್ವಾಂಟ್‌ನದೂ ಹಾಗೆಯೇ, ಒಂದರ ಫಲ ಇನ್ನೊಂದಕ್ಕೆ ತಟ್ಟುವುದಿಲ್ಲ. ಸರಿಯುತ್ತರಗಳ ಸಂಖ್ಯೆಯನ್ನು ಅಂತಿಮ ಅಂಕವಾಗಿ ಪರಿವರ್ತಿಸುವಾಗ ಕಠಿಣತೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ, ಸುಲಭದ ಎರಡನೆಯ ಸೆಕ್ಷನ್ ಪಡೆದವರು ಅಷ್ಟೇ ಸರಿಯುತ್ತರ ಕೊಟ್ಟರೂ ಕಠಿಣದ್ದನ್ನು ಪಡೆದವರಷ್ಟು ಎತ್ತರಕ್ಕೆ ಏರಲಾರರು. ಇದರಿಂದ ಬರುವ ಪಾಠ ಒಂದೇ: ಮೊದಲ ಸೆಕ್ಷನ್‌ನಲ್ಲಿ ಅವಸರದ ತಪ್ಪುಗಳಿಗೆ ಎಡೆ ಕೊಡಬಾರದು. ಎರಡನೆಯದು ಸುಲಭದ್ದೋ ಕಠಿಣದ್ದೋ ಎಂದು ಪರೀಕ್ಷೆಯ ನಡುವೆ ಊಹಿಸುತ್ತ ಕೂರುವುದರಿಂದ ಸಮಯ ಹೋಗುವುದಲ್ಲದೆ ಬೇರೇನೂ ದೊರೆಯದು.

ಅಂಕದ ಜೊತೆ ಬರುವ ಪರ್ಸೆಂಟೈಲ್ ಎಂದರೆ ನಿಮಗಿಂತ ಕಡಿಮೆ ಅಂಕ ಪಡೆದವರ ಶೇಕಡಾವಾರು ಪ್ರಮಾಣ. ಗಣಿತದ ಹಿನ್ನೆಲೆಯವರು ಬಹಳ ಮಂದಿ ಬರೆಯುವುದರಿಂದ ಒಂದೇ ಅಂಕಕ್ಕೆ ಎರಡು ವಿಭಾಗಗಳಲ್ಲಿ ಬೇರೆ ಬೇರೆ ಬೆಲೆ ಇದೆ: ಇತ್ತೀಚಿನ ವರ್ಷಗಳ ಪಟ್ಟಿಗಳಲ್ಲಿ ವರ್ಬಲ್‌ನ 160 ಅಂಕ ಶೇಕಡಾ 80ಕ್ಕೂ ಹೆಚ್ಚು ಮಂದಿಯನ್ನು ಹಿಂದೆ ಹಾಕಿದರೆ, ಕ್ವಾಂಟ್‌ನ 160 ಸುಮಾರು ಅರ್ಧದಷ್ಟು ಮಂದಿಯನ್ನು ಮಾತ್ರ ಹಿಂದೆ ಹಾಕುತ್ತದೆ. ಹಾಗಾಗಿ ಎರಡನ್ನೂ ಕೂಡಿಸಿ 320, 325 ಎಂದು ಗುರಿ ಹೇಳುವ ರೂಢಿಗೆ ಅರ್ಥ ಕಡಿಮೆ. ಎಂಜಿನಿಯರಿಂಗ್ ವಿಭಾಗ ಕ್ವಾಂಟನ್ನು ನೋಡುತ್ತದೆ, ಇತಿಹಾಸ ವಿಭಾಗ ವರ್ಬಲ್ ಮತ್ತು ಬರವಣಿಗೆಯನ್ನು ನೋಡುತ್ತದೆ. ನಿಮ್ಮ ಗುರಿ ನಿಮ್ಮ ಹಾಳೆಯಲ್ಲಿರುವ ಕೋರ್ಸುಗಳಿಂದ ಬರಬೇಕು.

ಕ್ವಾಂಟ್: ಗಣಿತ ಸುಲಭ, ಪ್ರಶ್ನೆ ಸುಲಭವಲ್ಲ

ಅಂಕಗಣಿತ, ಬೀಜಗಣಿತ, ರೇಖಾಗಣಿತ ಮತ್ತು ದತ್ತಾಂಶ ವಿಶ್ಲೇಷಣೆ ಇಲ್ಲಿನ ನಾಲ್ಕು ಕ್ಷೇತ್ರಗಳು. ತ್ರಿಕೋನಮಿತಿ ಇಲ್ಲ, ಕಲನಶಾಸ್ತ್ರ ಇಲ್ಲ. ಪರದೆಯ ಮೇಲೆ ಸರಳ ಕ್ಯಾಲ್ಕುಲೇಟರ್ ಇರುತ್ತದೆಯಾದರೂ ಅದರ ಮೊರೆ ಹೋಗಬೇಕಾದ ಪ್ರಶ್ನೆಗಳು ಕಡಿಮೆ. ಒಂದು ಮೊತ್ತ ಶೇಕಡಾ 25ರಷ್ಟು ಏರಿ ಆಮೇಲೆ ಶೇಕಡಾ 20ರಷ್ಟು ಇಳಿದರೆ ಎಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆಗೆ, ನಾಲ್ಕರಲ್ಲಿ ಐದು ಭಾಗವಾದದ್ದು ಮತ್ತೆ ಐದರಲ್ಲಿ ನಾಲ್ಕು ಭಾಗವಾಯಿತು ಎಂದು ಕಂಡವರು ‘ಮೊದಲಿದ್ದಲ್ಲೇ’ ಎಂದು ತಕ್ಷಣ ಹೇಳುತ್ತಾರೆ. ಉಳಿದವರು ಗುಂಡಿಗಳನ್ನು ಒತ್ತುತ್ತಿರುತ್ತಾರೆ.

ಪ್ರಶ್ನೆಗಳಲ್ಲಿ ನಾಲ್ಕು ಬಗೆ: ಎರಡು ಪರಿಮಾಣಗಳ ಹೋಲಿಕೆ, ಒಂದೇ ಉತ್ತರದ ಬಹು ಆಯ್ಕೆ, ಒಂದಕ್ಕಿಂತ ಹೆಚ್ಚು ಉತ್ತರಗಳಿರಬಹುದಾದ ಬಹು ಆಯ್ಕೆ, ಮತ್ತು ಸಂಖ್ಯೆಯನ್ನು ನೀವೇ ಟೈಪ್ ಮಾಡಬೇಕಾದವು. ಮೊದಲ ಬಗೆಗೆ ವಿಶೇಷ ಅಭ್ಯಾಸ ಬೇಕು, ಏಕೆಂದರೆ ಶಾಲೆಯಲ್ಲಿ ಅಂಥ ಪ್ರಶ್ನೆ ಕೇಳಿರುವುದಿಲ್ಲ. ಅದರಲ್ಲಿ ನಾಲ್ಕು ಉತ್ತರಗಳು ಎಂದಿಗೂ ಬದಲಾಗುವುದಿಲ್ಲ: ಮೊದಲನೆಯದು ದೊಡ್ಡದು, ಎರಡನೆಯದು ದೊಡ್ಡದು, ಎರಡೂ ಸಮ, ಅಥವಾ ಕೊಟ್ಟ ಮಾಹಿತಿಯಿಂದ ಹೇಳಲಾಗದು. ಒಂದು ಧನ ಸಂಖ್ಯೆಯ ಘನ ಮತ್ತು ಅದೇ ಸಂಖ್ಯೆಯ ವರ್ಗ, ಎರಡರಲ್ಲಿ ಯಾವುದು ದೊಡ್ಡದು ಎಂದು ಕೇಳಿದರು ಎನ್ನಿ. 2 ಇಟ್ಟು ನೋಡಿದರೆ 8 ಮತ್ತು 4, ಘನ ದೊಡ್ಡದು. ಅಲ್ಲಿಗೇ ನಿಂತವರು ತಪ್ಪು ಉತ್ತರ ಒತ್ತುತ್ತಾರೆ. 1 ಇಟ್ಟರೆ ಎರಡೂ ಸಮ, ಅರ್ಧ ಇಟ್ಟರೆ ಎಂಟನೇ ಒಂದು ಮತ್ತು ನಾಲ್ಕನೇ ಒಂದು, ಈಗ ವರ್ಗ ದೊಡ್ಡದು, ಉತ್ತರ ‘ಹೇಳಲಾಗದು’. ನಿರ್ಬಂಧ ಇಲ್ಲದಿರುವಾಗ ಸೊನ್ನೆ, ಒಂದು, ಭಿನ್ನರಾಶಿ, ಋಣ ಸಂಖ್ಯೆ, ದೊಡ್ಡ ಸಂಖ್ಯೆ ಇವನ್ನೆಲ್ಲ ಇಟ್ಟು ನೋಡುವ ಅಭ್ಯಾಸ ಕೈಗೂಡಿದವರಿಗೆ ಈ ಬಗೆಯ ಪ್ರಶ್ನೆಗಳು ಸಮಯ ಉಳಿಸಿಕೊಡುತ್ತವೆ. ಪ್ರಶ್ನೆಯಲ್ಲಿ ‘ಪೂರ್ಣಾಂಕ’ ಎಂದಿದೆಯೋ ಬರೀ ‘ಸಂಖ್ಯೆ’ ಎಂದಿದೆಯೋ ಎಂಬುದೇ ಎಷ್ಟೋ ಸಲ ಉತ್ತರವನ್ನು ತೀರ್ಮಾನಿಸುತ್ತದೆ.

ರೇಖಾಗಣಿತದ ಚಿತ್ರಗಳು ಅಳತೆಗೆ ಸರಿಯಾಗಿ ಬರೆದವು ಎಂದು ಭಾವಿಸಬಾರದು. ಲಂಬಕೋನದಂತೆ ಕಂಡದ್ದು ಲಂಬಕೋನವೆಂದು ಹೇಳಿರದಿದ್ದರೆ ಅದನ್ನು ಲಂಬಕೋನವೆಂದು ಎಣಿಸುವಂತಿಲ್ಲ. ಆದರೆ ಗ್ರಾಫುಗಳು ಮತ್ತು ಅಕ್ಷಗಳ ಮೇಲಿನ ಚಿತ್ರಗಳು ಅಳತೆಗೆ ಸರಿಯಾಗಿರುತ್ತವೆ, ಅವುಗಳಿಂದ ಕಣ್ಣಂದಾಜು ಮಾಡಬಹುದು. ದತ್ತಾಂಶದ ಪ್ರಶ್ನೆಗಳಲ್ಲಿ ಶೇಕಡಾ 40ರಿಂದ 50ಕ್ಕೆ ಏರಿದ್ದು ಹತ್ತು ಶೇಕಡಾ ಅಂಶಗಳ ಏರಿಕೆಯಾದರೂ ಮೂಲದ ಹೋಲಿಕೆಯಲ್ಲಿ ಶೇಕಡಾ 25ರ ಏರಿಕೆ ಎಂಬ ಭೇದವನ್ನು ಮರೆಯದಿರಿ. ಬಹು ಉತ್ತರದ ಪ್ರಶ್ನೆಗಳಲ್ಲಿ ಎಲ್ಲ ಸರಿಯುತ್ತರಗಳನ್ನೂ ಆರಿಸಿದರೆ ಮಾತ್ರ ಅಂಕ. ಭಾಗಶಃ ಸರಿಯಾದದ್ದಕ್ಕೆ ಏನೂ ಇಲ್ಲ.

ವರ್ಬಲ್: ಪದಸಂಪತ್ತಿಗಿಂತ ವಾಕ್ಯದ ತರ್ಕ

ಇಲ್ಲಿ ಮೂರು ಬಗೆಗಳಿವೆ. ಬಿಟ್ಟ ಸ್ಥಳ ತುಂಬುವುದರಲ್ಲಿ ಒಂದರಿಂದ ಮೂರು ಖಾಲಿ ಜಾಗಗಳಿರುತ್ತವೆ, ಎಲ್ಲವೂ ಸರಿಯಾದರೆ ಮಾತ್ರ ಅಂಕ. ಸಮಾನಾರ್ಥ ವಾಕ್ಯದ ಬಗೆಯಲ್ಲಿ ಒಂದೇ ಖಾಲಿ ಜಾಗಕ್ಕೆ ಆರು ಪದಗಳಲ್ಲಿ ಎರಡನ್ನು ಆರಿಸಬೇಕು, ಆ ಎರಡೂ ಪದಗಳು ವಾಕ್ಯಕ್ಕೆ ಒಂದೇ ಅರ್ಥ ಕೊಡಬೇಕು. ಮೂರನೆಯದು ಗದ್ಯಭಾಗದ ಗ್ರಹಿಕೆ.

ಮೊದಲೆರಡರಲ್ಲಿ ಆಯ್ಕೆಗಳನ್ನು ಮುಚ್ಚಿಟ್ಟು ವಾಕ್ಯವನ್ನು ಮಾತ್ರ ಓದುವುದು ಉತ್ತಮ ಕ್ರಮ. ‘ಅವರ ಹೊಗಳಿಕೆ ಮೇಲ್ನೋಟಕ್ಕೆ ಧಾರಾಳವಾಗಿ ಕಂಡರೂ, ಎಚ್ಚರದಿಂದ ಓದಿದವರಿಗೆ ಅದರೊಳಗಿನ ಡ್ಯಾಶ್ ತಿಳಿಯದೆ ಇರದು’ ಎಂಬ ವಾಕ್ಯದಲ್ಲಿ ‘ಕಂಡರೂ’ ಎಂಬ ತಿರುವು, ಖಾಲಿ ಜಾಗದಲ್ಲಿ ಹೊಗಳಿಕೆಗೆ ವಿರುದ್ಧವಾದದ್ದೇ ಇರಬೇಕೆಂದು ಹೇಳಿಬಿಡುತ್ತದೆ. ‘ತಿರಸ್ಕಾರ’ದಂಥ ನಿಮ್ಮದೇ ಪದವೊಂದನ್ನು ಅಲ್ಲಿಟ್ಟು, ಆಮೇಲೆ ಆಯ್ಕೆಗಳಲ್ಲಿ ಅದಕ್ಕೆ ಹತ್ತಿರದ್ದನ್ನು ಹುಡುಕಿ. ಹೀಗೆ ಮಾಡದೆ ಆಯ್ಕೆಗಳನ್ನು ಒಂದೊಂದಾಗಿ ವಾಕ್ಯದಲ್ಲಿ ಕೂರಿಸಿ ನೋಡುವವರಿಗೆ ಎಲ್ಲವೂ ಹೊಂದುವಂತೆಯೇ ಕಾಣುತ್ತವೆ, ಪ್ರಶ್ನೆ ತಯಾರಿಸುವವರ ಜಾಣ್ಮೆ ಇರುವುದೇ ಅಲ್ಲಿ. ಸಮಾನಾರ್ಥ ವಾಕ್ಯದಲ್ಲಿ ಇನ್ನೊಂದು ಬಲೆ ಇದೆ: ಆರರಲ್ಲಿ ಎರಡು ಪದಗಳು ಪರಸ್ಪರ ಸಮಾನಾರ್ಥಕವಾಗಿದ್ದೂ ವಾಕ್ಯಕ್ಕೆ ಹೊಂದದಿರಬಹುದು. ಜೋಡಿಯನ್ನು ಮೊದಲು ಹುಡುಕದೆ, ಅರ್ಥವನ್ನು ಮೊದಲು ನಿರ್ಧರಿಸಬೇಕು.

ಪದಗಳನ್ನು ಕಲಿಯಲೇಬೇಕು, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಅಪರೂಪದ ಪದಗಳಿಗಿಂತ, ಪರಿಚಿತ ಪದಗಳ ಅಪರಿಚಿತ ಅರ್ಥಗಳು ಹೆಚ್ಚು ಜನರನ್ನು ಬೀಳಿಸುತ್ತವೆ. ‘ಕ್ವಾಲಿಫೈ’ ಎಂದರೆ ಹೇಳಿಕೆಯೊಂದಕ್ಕೆ ಮಿತಿ ಹಾಕುವುದು, ‘ಅರೆಸ್ಟ್’ ಎಂದರೆ ಬೆಳವಣಿಗೆಯನ್ನು ತಡೆಯುವುದು, ‘ಸ್ಯಾಂಕ್ಷನ್’ ಎಂದರೆ ಸಂದರ್ಭಕ್ಕೆ ತಕ್ಕಂತೆ ಅನುಮೋದನೆಯೂ ಹೌದು, ದಂಡನೆಯೂ ಹೌದು. ಆದ್ದರಿಂದ ಪದಗಳನ್ನು ಒಂಟಿಯಾಗಿ ಅಲ್ಲದೆ, ವಾಕ್ಯದ ಸಮೇತ ಬರೆದಿಟ್ಟುಕೊಳ್ಳಬೇಕು.

ಗದ್ಯಭಾಗಗಳು ವಿಜ್ಞಾನ, ಕಲೆ, ಸಮಾಜಶಾಸ್ತ್ರ ಹೀಗೆ ಎಲ್ಲಿಂದಾದರೂ ಬರುತ್ತವೆ. ವಿಷಯದ ಪೂರ್ವಜ್ಞಾನ ಬೇಕಿಲ್ಲ, ಇದ್ದರೆ ಕೆಲವೊಮ್ಮೆ ಅದೇ ಅಡ್ಡಿ, ಏಕೆಂದರೆ ಉತ್ತರ ಗದ್ಯಭಾಗದಲ್ಲಿ ಹೇಳಿರುವುದಕ್ಕೆ ಮಾತ್ರ ನಿಷ್ಠವಾಗಿರಬೇಕು. ಲೇಖಕ ಯಾರ ವಾದವನ್ನು ಒಪ್ಪುತ್ತಾನೆ, ಯಾವ ವಾಕ್ಯ ಆಕ್ಷೇಪ, ಯಾವುದು ಅದಕ್ಕೆ ಸಮಾಧಾನ ಎಂಬುದನ್ನು ಗುರುತಿಸುತ್ತ ಓದಿ. ‘ಎಂದಿಗೂ’, ‘ಎಲ್ಲರೂ’, ‘ಮಾತ್ರ’ ಎಂಬ ಅತಿಯಾದ ಮಾತುಗಳುಳ್ಳ ಆಯ್ಕೆಗಳನ್ನು ಸಂಶಯದಿಂದ ನೋಡಿ, ಮೂಲದಲ್ಲಿಯೂ ಅಷ್ಟೇ ಖಚಿತವಾಗಿ ಹೇಳಿದ್ದರೆ ಮಾತ್ರ ಒಪ್ಪಿ.

ಮೂವತ್ತು ನಿಮಿಷದ ಪ್ರಬಂಧ

ಒಂದು ಅಭಿಪ್ರಾಯವನ್ನು ಕೊಟ್ಟು, ಅದನ್ನು ನೀವು ಎಷ್ಟರಮಟ್ಟಿಗೆ ಒಪ್ಪುತ್ತೀರಿ ಎಂದು ವಾದಿಸಲು ಕೇಳುತ್ತಾರೆ. ಅಭಿಪ್ರಾಯದ ಕೆಳಗಿನ ಸೂಚನೆ ಪ್ರತಿ ಬಾರಿಯೂ ಒಂದೇ ಆಗಿರುವುದಿಲ್ಲ: ಒಮ್ಮೆ ಆ ಮಾತು ಯಾವ ಸಂದರ್ಭಗಳಲ್ಲಿ ಸಲ್ಲದು ಎಂದು ಚರ್ಚಿಸಬೇಕು, ಇನ್ನೊಮ್ಮೆ ನಿಮ್ಮ ನಿಲುವಿಗೆ ಎದುರಾಗಬಹುದಾದ ಆಕ್ಷೇಪಗಳಿಗೆ ಉತ್ತರಿಸಬೇಕು. ಸೂಚನೆಯನ್ನು ಕಡೆಗಣಿಸಿ ಬರೆದದ್ದು ಎಷ್ಟೇ ಸೊಗಸಾಗಿದ್ದರೂ ಅಂಕ ಕಡಿಮೆಯಾಗುತ್ತದೆ. ಕೇಳಬಹುದಾದ ವಿಷಯಗಳ ಸಂಪೂರ್ಣ ಪಟ್ಟಿಯನ್ನು ಇಟಿಎಸ್ ತನ್ನ ಜಾಲತಾಣದಲ್ಲಿ ಪ್ರಕಟಿಸಿದೆ. ಅದು ತುಂಬ ಉದ್ದವಿರುವುದರಿಂದ ಉತ್ತರಗಳನ್ನು ಬಾಯಿಪಾಠ ಮಾಡುವುದು ವ್ಯರ್ಥ, ಆದರೆ ಅದರಿಂದ ಕೆಲವನ್ನು ಆರಿಸಿ ಗಡಿಯಾರ ಇಟ್ಟುಕೊಂಡು ಬರೆದು ನೋಡುವುದು ಅಗತ್ಯ. ಐದು ನಿಮಿಷ ಯೋಜನೆಗೆ, ಇಪ್ಪತ್ತೆರಡು ನಿಮಿಷ ಬರೆಯಲು, ಉಳಿದದ್ದು ತಿದ್ದಲು ಎಂಬ ಹಂಚಿಕೆ ಬಹುಪಾಲು ಜನರಿಗೆ ಒಗ್ಗುತ್ತದೆ. ಪರೀಕ್ಷೆಯ ಬರವಣಿಗೆ ತಂತ್ರಾಂಶದಲ್ಲಿ ಕಾಗುಣಿತ ಪರಿಶೀಲನೆ ಇಲ್ಲ. ಅಭ್ಯಾಸದಲ್ಲಿಯೂ ಅದನ್ನು ನಿಲ್ಲಿಸಿಯೇ ಬರೆಯಿರಿ. ಪ್ರಬಂಧವನ್ನು ತರಬೇತಾದ ಮೌಲ್ಯಮಾಪಕರೊಬ್ಬರು ಮತ್ತು ಇ-ರೇಟರ್ ಎಂಬ ತಂತ್ರಾಂಶ ಓದುತ್ತವೆ. ಇಬ್ಬರ ಅಂಕಗಳ ನಡುವೆ ಅಂತರ ಬಿದ್ದರೆ ಇನ್ನೊಬ್ಬ ಮೌಲ್ಯಮಾಪಕರ ಬಳಿಗೆ ಹೋಗುತ್ತದೆ.

ತಯಾರಿ ಮತ್ತು ದಿನಾಂಕ

ಯಾವ ತಯಾರಿಯೂ ಇಲ್ಲದೆ ಮೊದಲಿಗೆ ಒಂದು ಪೂರ್ಣ ಮಾದರಿ ಪರೀಕ್ಷೆ ಬರೆಯಿರಿ. ಇಟಿಎಸ್‌ನ ಪವರ್‌ಪ್ರೆಪ್ ಮಾದರಿ ಪರೀಕ್ಷೆಗಳು ಉಚಿತವಾಗಿ ಸಿಗುತ್ತವೆ, ಅಸಲಿ ಪರೀಕ್ಷೆಯ ಪರದೆಯನ್ನೇ ತೋರಿಸುತ್ತವೆ. ಹೊರಗಿನ ಮಾಕ್ ಟೆಸ್ಟುಗಳು ಅಭ್ಯಾಸಕ್ಕೆ ಒಳ್ಳೆಯವು, ಅವು ಕೊಡುವ ಅಂಕವನ್ನು ಮಾತ್ರ ನಂಬಬೇಡಿ. ಉಚಿತವಾದ ಅಧಿಕೃತ ಪರೀಕ್ಷೆಗಳು ಕೆಲವೇ ಆಗಿರುವುದರಿಂದ ಒಂದನ್ನು ಆರಂಭಕ್ಕೆ ಬಳಸಿ, ಒಂದನ್ನಾದರೂ ಪರೀಕ್ಷೆಗೆ ಒಂದೆರಡು ವಾರ ಮುಂಚೆ ಬರೆಯಲು ಉಳಿಸಿಕೊಳ್ಳಿ.

ಮೊದಲ ಪರೀಕ್ಷೆಯ ತಪ್ಪುಗಳನ್ನು ಒಂದು ಪುಸ್ತಕದಲ್ಲಿ ಕಾರಣದ ಸಮೇತ ಬರೆಯಿರಿ: ವಿಷಯ ಗೊತ್ತಿರಲಿಲ್ಲವೇ, ಪ್ರಶ್ನೆಯನ್ನು ತಪ್ಪಾಗಿ ಓದಿದಿರೇ, ಸಮಯ ಸಾಲಲಿಲ್ಲವೇ, ಎರಡು ಆಯ್ಕೆಗಳ ನಡುವೆ ಸಿಕ್ಕಿ ತಪ್ಪಾದದ್ದನ್ನು ಒತ್ತಿದಿರೇ? ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಕೈತಪ್ಪಿನಿಂದ ಅಂಕ ಕಳೆದುಕೊಳ್ಳುವವರು ಇನ್ನೂ ನೂರು ಕಠಿಣ ಲೆಕ್ಕ ಬಿಡಿಸಿದರೆ ಏನೂ ಸುಧಾರಿಸುವುದಿಲ್ಲ.

ದಿನಾಂಕವನ್ನು ಕೊನೆಯಿಂದ ಹಿಂದಕ್ಕೆ ಎಣಿಸಿ. ಪರೀಕ್ಷೆಯ ನಂತರ ಅಧಿಕೃತ ಸ್ಕೋರು ಬರಲು 8ರಿಂದ 10 ದಿನ ಬೇಕು. ಮತ್ತೆ ಬರೆಯಬೇಕಾದರೆ 21 ದಿನ ಕಾಯಬೇಕು, ಮತ್ತು ಯಾವುದೇ 12 ತಿಂಗಳ ಅವಧಿಯಲ್ಲಿ ಐದು ಬಾರಿಗಿಂತ ಹೆಚ್ಚು ಬರೆಯುವಂತಿಲ್ಲ. ಹಾಗಾಗಿ ಮೊದಲ ಪ್ರಯತ್ನ ನಿಮ್ಮ ಮೊದಲ ಅರ್ಜಿಯ ಕೊನೆಯ ದಿನಕ್ಕಿಂತ ಕನಿಷ್ಠ ಎರಡು ತಿಂಗಳು ಮುಂಚೆ ಇದ್ದರೆ ಎರಡನೆಯದಕ್ಕೆ ನೆಮ್ಮದಿಯ ಜಾಗ ಉಳಿಯುತ್ತದೆ. ನೋಂದಣಿಯಲ್ಲಿನ ಹೆಸರು ಗುರುತಿನ ದಾಖಲೆಯಲ್ಲಿರುವಂತೆಯೇ ಇರಬೇಕು; ಈ ಸಣ್ಣ ವ್ಯತ್ಯಾಸಕ್ಕೇ ಪರೀಕ್ಷೆಯ ದಿನ ಪ್ರವೇಶ ತಪ್ಪಬಹುದು. ಅಂಗವೈಕಲ್ಯದ ಕಾರಣ ಹೆಚ್ಚುವರಿ ಸಮಯ ಮುಂತಾದ ಸೌಲಭ್ಯ ಬೇಕಿರುವವರು ದಿನಾಂಕ ಕಾದಿರಿಸುವ ಮೊದಲೇ ಅದಕ್ಕೆ ಅನುಮತಿ ಪಡೆಯಬೇಕು.

ಕೇಂದ್ರದಲ್ಲಿ ಬರೆಯಬೇಕೋ ಮನೆಯಲ್ಲೋ ಎಂಬುದು ನಿಮ್ಮ ಆಯ್ಕೆ, ಪರೀಕ್ಷೆ ಎರಡೂ ಕಡೆ ಒಂದೇ. ಮನೆಯಲ್ಲಾದರೆ ಕ್ಯಾಮೆರಾ ಮೂಲಕ ಮೇಲ್ವಿಚಾರಕರು ನೋಡುತ್ತಿರುತ್ತಾರೆ, ಕೋಣೆಗೆ ಬೇರೆ ಯಾರೂ ಬರುವಂತಿಲ್ಲ, ಮಾಮೂಲಿ ಕಾಗದದ ಮೇಲೆ ಬರೆಯುವಂತಿಲ್ಲ. ಅಳಿಸಬಹುದಾದ ಸಣ್ಣ ವೈಟ್‌ಬೋರ್ಡ್ ಅಥವಾ ಪಾರದರ್ಶಕ ಹೊದಿಕೆಯೊಳಗಿನ ಹಾಳೆಯನ್ನು ಬಳಸಬೇಕು. ಸಂಪರ್ಕ ಕಡಿಯುವ ಅಥವಾ ಗದ್ದಲದ ಭಯವಿರುವವರಿಗೆ ಕೇಂದ್ರವೇ ಲೇಸು.

ಸ್ಕೋರು ಬಂದ ಮೇಲೆ

ಪರೀಕ್ಷೆ ಮುಗಿದಾಗ, ಅಂಕ ಕಾಣುವ ಮೊದಲೇ, ಅದನ್ನು ವರದಿ ಮಾಡಬೇಕೋ ರದ್ದುಗೊಳಿಸಬೇಕೋ ಎಂದು ಪರದೆ ಕೇಳುತ್ತದೆ. ರದ್ದುಗೊಳಿಸುವುದಕ್ಕೆ ಸಾಮಾನ್ಯವಾಗಿ ಕಾರಣವೇ ಇಲ್ಲ, ಏಕೆಂದರೆ ಸ್ಕೋರ್‌ಸೆಲೆಕ್ಟ್ ಎಂಬ ವ್ಯವಸ್ಥೆಯಲ್ಲಿ ಯಾವ ದಿನದ ಅಂಕವನ್ನು ಕಳುಹಿಸಬೇಕೆಂದು ನೀವೇ ಆರಿಸಬಹುದು. ಪರೀಕ್ಷೆಯ ದಿನ ನಾಲ್ಕು ಸಂಸ್ಥೆಗಳಿಗೆ ಶುಲ್ಕವಿಲ್ಲದೆ ಕಳುಹಿಸುವ ಅವಕಾಶವಿರುವುದರಿಂದ ಆ ನಾಲ್ಕು ಹೆಸರುಗಳನ್ನು ಮೊದಲೇ ನಿರ್ಧರಿಸಿಕೊಂಡು ಹೋಗಿ. ಒಂದು ದಿನದ ವರ್ಬಲ್ ಮತ್ತು ಇನ್ನೊಂದು ದಿನದ ಕ್ವಾಂಟ್ ಎಂದು ಬೇರ್ಪಡಿಸಿ ಕಳುಹಿಸಲಾಗದು. ಒಂದು ದಿನದ ಎಲ್ಲ ಅಂಕಗಳೂ ಒಟ್ಟಿಗೇ ಹೋಗುತ್ತವೆ. ಸ್ಕೋರು ಐದು ವರ್ಷ ಚಾಲ್ತಿಯಲ್ಲಿರುತ್ತದೆ.

ಮತ್ತೆ ಬರೆಯಬೇಕೇ ಎಂಬುದನ್ನು ಹಾಳೆಯ ಮುಂದೆ ಕೂತು ತೀರ್ಮಾನಿಸಿ. ಬಂದ ಅಂಕ ಪರೀಕ್ಷೆಗೆ ಮುಂಚಿನ ಅಧಿಕೃತ ಮಾದರಿ ಪರೀಕ್ಷೆಯ ಅಂಕಕ್ಕಿಂತ ಸ್ಪಷ್ಟವಾಗಿ ಕೆಳಗಿದ್ದರೆ, ಅಥವಾ ನಿಮ್ಮ ವಿಭಾಗ ಮುಖ್ಯವೆಂದು ನೋಡುವ ಭಾಗದಲ್ಲೇ ಅವರ ವ್ಯಾಪ್ತಿಗಿಂತ ಕಡಿಮೆಯಿದ್ದರೆ ಮತ್ತೆ ಬರೆಯಲು ಅರ್ಥವಿದೆ. ಒಂದೆರಡು ಅಂಕಗಳ ಆಸೆಗಾಗಿ ಅಲ್ಲ, ಏಕೆಂದರೆ ಏನನ್ನೂ ಬದಲಿಸದೆ ಬರೆದರೂ ಅಷ್ಟು ಏರಿಳಿತ ಸಹಜ. ಬರೆಯುವುದೆಂದು ನಿಶ್ಚಯಿಸಿದರೆ ಆ 21 ದಿನಗಳಲ್ಲಿ ಹೊಸ ಪುಸ್ತಕ ತೆರೆಯುವ ಬದಲು, ತಪ್ಪುಗಳ ಪುಸ್ತಕದಲ್ಲಿ ಯಾವ ಕಾರಣ ಹೆಚ್ಚು ಸಲ ಬಂದಿದೆಯೋ ಅದೊಂದನ್ನೇ ಹಿಡಿದು ದುಡಿಯಿರಿ.